ಮನೆಯೊಳಗೆ ನಾಯಿ ಸುಮ್ಮನಿರಬೇಕು ಅಂದ್ರೆ ಕಟ್ಟಬೇಕಾ, ಕಲಿಸಬೇಕಾ?

ಹಾಸನ ವಿದ್ಯಾನಗರ:
ನಮ್ಮ ಲ್ಯಾಬ್ರಡಾರ್‌ಗೆ ಈಗ ಹತ್ತು ತಿಂಗಳು. ಕಾಲಿಂಗ್ ಬೆಲ್ ಆದ್ರೆ ಸಾಕು, ಬೊಗಳಿಕೊಂಡು ಬಾಗಿಲಿಗೆ ನುಗ್ತಾನೆ, ಬಂದವರ ಎದೆ ಮೇಲೆ ಕಾಲಿಡ್ತಾನೆ. ಅತ್ತೆಗೆ ಮಂಡಿನೋವು, ಎಲ್ಲಿ ಬೀಳಿಸ್ತಾನೋ ಅಂತ ಭಯ. ದಿನಾ ಸಂಜೆ ಗ್ರೌಂಡಲ್ಲಿ ಬಾಲ್ ಎಸೆದು ಸುಸ್ತು ಮಾಡಿಸ್ತೀವಿ, ಆದ್ರೂ ಮನೆಗೆ ಬಂದ್ಮೇಲೆ ಕುಣಿತ ನಿಲ್ಲಲ್ಲ. ಎಲ್ಲರೂ ಕಟ್ಟಿಹಾಕಿ ಅಂತಾರೆ. ಮನಸ್ಸು ಒಪ್ತಿಲ್ಲ. ಬೇರೆ ದಾರಿ ಇದ್ರೆ ಹೇಳಿ.

ಮೂಡಿಗೆರೆ ತೋಟದವ:
ನಾಯಿ ಅಂದ್ಮೇಲೆ ಬೊಗಳಬೇಕು ಮಾರಾಯ್ರೆ. ನಮ್ಮಲ್ಲಿ ಹಗಲು ಕಟ್ಟೋದು, ರಾತ್ರಿ ಬಿಡೋದು, ಅಜ್ಜನ ಕಾಲದಿಂದ ಹಾಗೇ. ಕಣದಲ್ಲಿ ಕಾಫಿ ಒಣಗಲು ಹಾಕಿದಾಗ ನಾಯಿ ಬಾಯಿ ಮುಚ್ಕೊಂಡು ಮಲಗಿದ್ರೆ ಕಳ್ಳ ಬಂದದ್ದು ತಿಳಿಯೋದು ಹ್ಯಾಗೆ?

ಬೇಲೂರು ರಸ್ತೆ:
ಮೊದಲು ಮನೆಯಲ್ಲಿ ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗ್ಬೇಕು. ತೋಳದ ಜಾತಿ ಅದು. ನಾವು ಮೇಲೆ ನಿಲ್ಲದಿದ್ರೆ ಅದು ನಿಲ್ಲುತ್ತೆ. ಹಾರಿದ ತಕ್ಷಣ ಮಂಡಿಯಿಂದ ಎದೆಗೆ ಒಂದು ಕೊಡಿ, ಎರಡನೇ ಸಲ ಹಾರಲ್ಲ.

ಚಿಕ್ಕಮಗಳೂರು ಕೋಟೆ:
ದಯವಿಟ್ಟು ಹಾಗೆ ಮಾಡ್ಬೇಡಿ. ತೋಳಗಳು ಯಜಮಾನಿಕೆಗಾಗಿ ಕಾದಾಡ್ತಾವೆ ಅನ್ನೋ ಆ ಮಾತು ಶುರುವಾಗಿದ್ದು 1947ರಲ್ಲಿ. ರುಡಾಲ್ಫ್ ಶೆಂಕೆಲ್ ಅನ್ನೋರು ಕೂಡಿಹಾಕಿದ್ದ ತೋಳಗಳನ್ನ ನೋಡಿ ಬರೆದದ್ದು. ಅದನ್ನ 1970ರ ತಮ್ಮ ಪುಸ್ತಕದಲ್ಲಿ ಎತ್ತಿ ಹೇಳಿದ್ದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನ ವರ್ಷಗಟ್ಟಲೆ ನೋಡಿದ್ಮೇಲೆ, 1999ರಲ್ಲಿ ಬೇರೆ ಮಾತು ಬರೆದ್ರು: ಕಾಡಿನ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಪಟ್ಟಕ್ಕಾಗಿ ದಿನಾ ಜಗಳ ಇಲ್ಲ. ನಿಮ್ಮ ಲ್ಯಾಬ್ ಎದೆ ಮೇಲೆ ಹಾರೋದು ಮುಖ ಮೂಸಿ ಮಾತಾಡಿಸೋಕೆ, ಯಜಮಾನಿಕೆಗಲ್ಲ. ಮಂಡಿಯಿಂದ ಹೊಡೆದ್ರೆ ಬಂದವರನ್ನ ಕಂಡರೆ ಹೆದರೋದನ್ನ ಕಲಿಯುತ್ತೆ. ಹೆದರಿದ ನಾಯಿ ಮುಂದೊಂದು ದಿನ ಕಚ್ಚಬಹುದು.

ವಿದ್ಯಾನಗರದವರೇ, ಬಾಲ್ ಎಸೆಯೋದು ಕಡಿಮೆ ಮಾಡಿ. ಒಂದೇ ಸಮ ಓಡಿಸಿದ್ರೆ ಮೈ ದಣಿಯುತ್ತೆ, ತಲೆ ಬಿಸಿ ಹಾಗೇ ಉಳಿಯುತ್ತೆ. ಅದರ ಬದಲು ಉದ್ದ ಹಗ್ಗ ಹಾಕಿ, ಬೇಲಿ ಬುಡ, ಕಲ್ಲು, ಕಂಬ ಎಲ್ಲಾ ಮೂಸೋಕೆ ಬಿಟ್ಟು ನಿಧಾನಕ್ಕೆ ನಡೆಸಿ. ಮೂಸಿ ಮೂಸಿ ಬಂದ ನಾಯಿ ತಾನಾಗೇ ಮಲಗುತ್ತೆ.

ಮನೆಯೊಳಗೆ ಒಂದು ಗೋಣಿಚೀಲ ಹಾಸಿ. ಅವನು ತಾನಾಗೇ ಬಂದು ಅದರ ಮೇಲೆ ಮಲಗಿದಾಗ ಒಂದು ಮಾತೂ ಆಡದೆ, ಮುಂಗಾಲುಗಳ ನಡುವೆ ಬೇಯಿಸಿದ ಕೋಳಿಯ ಒಂದು ಚೂರು ಇಟ್ಟು ಬಂದುಬಿಡಿ. ಹೊಗಳಬೇಡಿ, ತಲೆ ಸವರಬೇಡಿ, ಎದ್ದುಬಿಡ್ತಾನೆ. ಸೊಂಟ ಒಂದು ಕಡೆ ವಾಲಿಸಿ, ಗದ್ದ ನೆಲಕ್ಕೆ ತಾಗಿಸಿ ಉಸಿರು ಬಿಟ್ಟ ಅಂದ್ರೆ ಇನ್ನೊಂದು ಚೂರು. ನಾವೆಲ್ಲ ನಾಯಿ ಗಲಾಟೆ ಮಾಡಿದಾಗ ಮಾತ್ರ ಅದರ ಕಡೆ ತಿರುಗ್ತೀವಿ, ಸುಮ್ಮನಿದ್ದಾಗ ಮರೆತೇಬಿಡ್ತೀವಿ. ಅದನ್ನ ತಿರುಗುಮುರುಗು ಮಾಡಿದ್ರೆ ಅರ್ಧ ಕೆಲಸ ಆದಂಗೆ.

ಬೇಲೂರು ರಸ್ತೆ:
ತಿಂಡಿ ಇದ್ರೆ ಮಾತ್ರ ಮಾತು ಕೇಳೋ ನಾಯಿ ಆಗುತ್ತಲ್ಲ? ಲಂಚ ಕೊಟ್ಟಂಗೆ ಅದು.

ಚಿಕ್ಕಮಗಳೂರು ಕೋಟೆ:
ಲಂಚ ಕೆಲಸಕ್ಕೆ ಮುಂಚೆ ಕೊಡೋದು, ಕೂಲಿ ಕೆಲಸ ಆದ್ಮೇಲೆ. ಅಭ್ಯಾಸ ಕೂತ ಮೇಲೆ ಆಗೊಂದು ಈಗೊಂದು ಕೊಟ್ರೆ ಸಾಕು. ಅಮೆರಿಕದಲ್ಲಿ ಪ್ರಾಣಿಗಳ ವರ್ತನೆ ಬಗ್ಗೆ ಕೆಲಸ ಮಾಡೋ ಪಶುವೈದ್ಯರ ಸಂಘ 2021ರಲ್ಲಿ ಕೊಟ್ಟ ಹೇಳಿಕೆಯೂ ಇದೇ: ಎಲ್ಲಾ ತರಬೇತಿಯೂ ಬಹುಮಾನದ ದಾರಿಯಲ್ಲೇ ನಡೀಲಿ, ಹೊಡೆತ ಬಡಿತ ಬೇಡ.

ಅರಸೀಕೆರೆ:
ಒಂದು ಎಚ್ಚರಿಕೆ. ಲ್ಯಾಬ್ ಬೇಗ ದಪ್ಪ ಆಗೋ ಜಾತಿ. ಹಸಿವು ಹೆಚ್ಚಿಸೋ ಒಂದು ಜೀನ್ ಬದಲಾವಣೆ ಈ ಜಾತಿಯಲ್ಲಿ ಸುಮಾರು ಕಾಲು ಭಾಗ ನಾಯಿಗಳಿಗಿದೆ ಅಂತ ಕೇಂಬ್ರಿಜ್‌ನವರು 2016ರಲ್ಲಿ ತೋರಿಸಿದ್ದಾರೆ. ಚೂರು ಕೊಟ್ಟಷ್ಟನ್ನ ರಾತ್ರಿ ತಟ್ಟೆಯಿಂದ ಕಡಿಮೆ ಮಾಡಿ. ಇನ್ನು, ಇದ್ದಕ್ಕಿದ್ದಂತೆ ಚಡಪಡಿಸೋಕೆ ಶುರು ಮಾಡಿದ್ರೆ ಮೊದಲು ಕಿವಿ ನೋಡಿ. ಜೋಲು ಕಿವಿಯೊಳಗೆ ಸೋಂಕಾಗಿದ್ರೆ ಯಾವ ತರಬೇತಿಯೂ ನಡೆಯಲ್ಲ. ನಿಮ್ಮೂರಲ್ಲೇ ವೆಟರ್ನರಿ ಕಾಲೇಜಿದೆ, ತೋರಿಸಿ.

ಬಾಳೆಹೊನ್ನೂರು:
ಮೂಡಿಗೆರೆಯವರಿಗೆ ನನ್ನ ಮಾತು. ರಾತ್ರಿ ಬಿಡೋದು ಅಂದ್ರಿ, ಚಿರತೆ? ನಮ್ಮ ಕಡೆ ಅಂಗಳದಿಂದಲೇ ನಾಯಿ ಹೊತ್ಕೊಂಡು ಹೋಗುತ್ತೆ. ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿದ್ರೂ ಧೈರ್ಯ ಇಲ್ಲ. ಹಂಗಾಗಿ ಸಂಜೆ ಆದ್ಮೇಲೆ ನಾಯಿ ಮನೆಯೊಳಗೆ. ಜೊತೆಗೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಟ್ಟರೆ ಜಿಗಣೆ. ಒಳಗೆ ಇರೋದನ್ನ ಕಲಿಸದಿದ್ರೆ ನಮಗೂ ನಿದ್ದೆ ಇಲ್ಲ, ಅದಕ್ಕೂ ಇಲ್ಲ. ನಾನು ಹಳೇ ಟವೆಲ್ ಹಾಸಿ, ಒಣ ಫುಡ್ ಉದುರಿಸಿ, ಸುರುಳಿ ಸುತ್ತಿ ಜಗಲಿಯಲ್ಲಿ ಇಡ್ತೀನಿ. ಮೂಗು ತೂರಿಸಿ ಒಂದೊಂದೇ ಹೆಕ್ಕಿ ತಿಂದು ಮುಗಿಸೋ ಹೊತ್ತಿಗೆ ಅದಕ್ಕೇ ಆಕಳಿಕೆ.

ಮೂಡಿಗೆರೆ ತೋಟದವ:
ಚಿರತೆ ವಿಷಯ ಒಪ್ಪಿದೆ, ಕಳೆದ ವರ್ಷ ನಮ್ಮ ತೋಟದ ಆಳುಗಳ ಲೈನ್ ಮನೆ ಹತ್ರಾನೂ ಬಂದಿತ್ತು. ಆದ್ರೆ ಬೊಗಳೋದು ಪೂರ್ತಿ ನಿಲ್ಲಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ.

ಚಿಕ್ಕಮಗಳೂರು ಕೋಟೆ:
ಪೂರ್ತಿ ನಿಲ್ಲಿಸಿ ಅಂತ ನಾನೂ ಹೇಳಲ್ಲ. ನಾಲ್ಕು ಸಲ ಬೊಗಳಿ ತಿಳಿಸಲಿ, ನೀವು ಬಂದು ನೋಡಿ "ಆಯ್ತು" ಅಂದ್ಮೇಲೆ ಗೋಣಿಗೆ ವಾಪಸ್ ಹೋಗಲಿ. ಹಗಲೆಲ್ಲ ಸರಪಳಿಯಲ್ಲಿರೋ ನಾಯಿ ದರಗೆಲೆ ಬಿದ್ರೂ ಬೊಗಳುತ್ತೆ. ಆಗ ಕಳ್ಳ ಬಂದಾಗ ಬೊಗಳಿದ್ದು ಯಾವುದು ಅಂತ ನಿಮಗೇ ಗೊತ್ತಾಗಲ್ಲ.

ಹಾಸನ ವಿದ್ಯಾನಗರ:
ಗೋಣಿಚೀಲ ಇವತ್ತೇ ಹಾಸ್ತೀನಿ. ಬೆಲ್‌ಗೆ ಏನು ಮಾಡ್ಲಿ? ಆ ಸದ್ದು ಕೇಳಿದ್ರೆ ಕೋಳಿಯೂ ಬೇಡ ಅವನಿಗೆ.

ಚಿಕ್ಕಮಗಳೂರು ಕೋಟೆ:
ನಿಮ್ಮ ಬೆಲ್ ಸದ್ದನ್ನೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅವನು ಕಿವಿ ಮಾತ್ರ ಆಡಿಸೋವಷ್ಟು ಸಣ್ಣಗೆ ಹಾಕಿ, ತಕ್ಷಣ ಒಂದು ಚೂರು ಗೋಣಿ ಮೇಲೆ ಇಡಿ. ಎದ್ದು ಓಡಿದ್ರೆ ವಾಲ್ಯೂಮ್ ಜಾಸ್ತಿ ಆಯ್ತು ಅಂತ, ಇಳಿಸಿ. ದಿನಕ್ಕೆ ಐದು ನಿಮಿಷ ಸಾಕು. ಅಲ್ಲೀವರೆಗೆ ನಿಜವಾಗಿ ಯಾರಾದ್ರೂ ಬಂದಾಗ ಹಗ್ಗ ಹಾಕಿ ಹಿಡ್ಕೊಳ್ಳಿ, ಅತ್ತೆ ಬಾಗಿಲು ತೆಗೆಯೋಕೆ ಹೋಗೋದು ಬೇಡ. ಹಾರಿದಾಗ ಮನೆಯವರೆಲ್ಲ ಮುಖ ತಿರುಗಿಸ್ಬೇಕು. ಮೊದಲ ಕೆಲವು ದಿನ ಹಾರೋದು ಇನ್ನೂ ಜಾಸ್ತಿ ಆಗುತ್ತೆ, ಎಲ್ಲರೂ ಕೈಬಿಡೋದು ಅಲ್ಲೇ. ನೀವು ಬಿಡ್ಬೇಡಿ. ಮನೆಯಲ್ಲಿ ಒಬ್ಬರು "ಪಾಪ" ಅಂತ ಮುದ್ದು ಮಾಡಿದ್ರೂ ಮತ್ತೆ ಮೊದಲಿಂದ ಶುರು.

ಹಾಸನ ವಿದ್ಯಾನಗರ:
ಆ ಪಾಪ ಅನ್ನೋರು ನಮ್ಮ ಮಾವ. ರಾತ್ರಿ ಊಟಕ್ಕೆ ಕೂತಾಗ ಮಾತಾಡ್ತೀನಿ.