ಪದಚರ್ಚೆ: ಅಜ್ಜಿಯ ನುಡಿನಮನದಲ್ಲಿ ‘ಕುಶಾಲು’ ಬರಬಹುದೇ?

ಪ್ರಶ್ನೆ: ಉಡುಪಿಯ ಒಂದು ಮನೆಯಲ್ಲಿ ಅಜ್ಜಿಯ ಉತ್ತರಕ್ರಿಯೆಯ ದಿನ ಹಂಚಲು ಒಂದು ಪುಟದ ನುಡಿನಮನ ತಯಾರಾಗುತ್ತಿದೆ. ಮೊದಲ ಸಾಲು: ‘ನಮ್ಮ ಅಜ್ಜಿ ಭಾರೀ ಕುಶಾಲಿನವರು, ಬಿನ್ನಾಣದ ಕೈಯವರು.’ ಧಾರವಾಡದ ನೆಂಟರು ‘ಕುಶಾಲು ಅಂದರೆ ಆರಾಮ ಇರೂದಲ್ಲ?’ ಎಂದರು. ಕರಡು ತಿದ್ದಿದವರು ‘ಕುಶಲದವರು’ ಮಾಡಿಟ್ಟರು. ಯಾವುದು ಸರಿ? ಬೇರೆ ಪದ ಉಂಟಾ?

ಉತ್ತರ: ತಿದ್ದಿದ್ದು ತಪ್ಪು. ನೆಂಟರು ಹೇಳಿದ್ದು ಅವರ ಊರಿಗೆ ಸರಿ; ಕರಾವಳಿಯಲ್ಲಿ ಕುಶಾಲು ಎಂದರೆ ತಮಾಷೆ.

ಕುಶಾಲು ಸಂಸ್ಕೃತದ ‘ಕುಶಲ’ ಕೆಟ್ಟು ಆದದ್ದಲ್ಲ. ಫಾರಸಿಯಲ್ಲಿ ‘ಖುಶ್’ ಎಂದರೆ ಸಂತೋಷ, ‘ಹಾಲ್’ ಎಂದರೆ ಸ್ಥಿತಿ. ಎರಡೂ ಸೇರಿದ ‘ಖುಶ್‌ಹಾಲ್’ ಇದರ ಮೂಲ. ಘಟ್ಟದ ಮೇಲೆ ಆ ಅರ್ಥವೇ ಉಳಿದಿದೆ. ಮೈಸೂರು ದಸರೆಗೆ 21 ಸುತ್ತು ಹಾರಿಸುವ ಕುಶಾಲತೋಪಿನಲ್ಲಿ ಇರುವುದು ಸಂಭ್ರಮ, ನಗೆಚಾಟಿಕೆ ಅಲ್ಲ. ಘಟ್ಟ ಇಳಿದಾಗ ಅರ್ಥವೂ ಒಂದು ಮೆಟ್ಟಿಲು ಇಳಿಯಿತು: ಸಂತೋಷದಲ್ಲಿ ಇರುವುದು ಹೋಗಿ, ಇನ್ನೊಬ್ಬರನ್ನು ನಗಿಸಲು ಆಡುವ ಮಾತು ಎಂದಾಯಿತು. ತುಳುವಿನಲ್ಲಿ ‘ಕುಸಾಲ್ ಮಲ್ಪುನಿ’ (ತಮಾಷೆ ಮಾಡುವುದು), ಮಂಗಳೂರು ಕನ್ನಡದಲ್ಲಿ ‘ಕುಶಾಲಿಗೆ ಹೇಳಿದ್ದು ಮಾರ್ರೆ’, ‘ಕುಶಾಲಲ್ಲ, ನಿಜ’. ಉಡುಪಿ, ಮಂಗಳೂರಿನ ಓದುಗರಿಗೆ ಈ ಪದಕ್ಕೆ ಟಿಪ್ಪಣಿ ಬೇಡ.

ಇದರ ವಿಭಕ್ತಿಯನ್ನೂ ಗಮನಿಸಬೇಕು. ಗೇಲಿ ‘ಅವನನ್ನು’ ಮಾಡುವುದು. ಕುಶಾಲು ಹೆಚ್ಚಾಗಿ ‘ಅವನೊಟ್ಟಿಗೆ’ ಮಾಡುವುದು. ಗೇಲಿಯಲ್ಲಿ ಒಬ್ಬ ಪೆಟ್ಟು ತಿನ್ನುತ್ತಾನೆ, ಕುಶಾಲಿನಲ್ಲಿ ಅವನೂ ನಗುತ್ತಾನೆ. ಹಾಗಾಗಿ ಅಜ್ಜಿಯ ಮಾತು ಚುಚ್ಚುತ್ತಿರಲಿಲ್ಲ ಎಂದು ಬೇರೆ ವಾಕ್ಯದಲ್ಲಿ ಸಮಜಾಯಿಷಿ ಕೊಡುವುದೇ ಬೇಡ, ಪದದಲ್ಲೇ ಅದು ಉಂಟು.

ಬದಲಿ ಪದಗಳು ಒಂದೊಂದೂ ಒಂದೊಂದು ಕಡೆ ಎಡವುತ್ತವೆ. ‘ತಮಾಷೆಯವರು’ ನಡೆಯುತ್ತದೆ, ಸ್ವಲ್ಪ ಹಗುರ. ‘ಹಾಸ್ಯಗಾರ್ತಿ’ ಎಂದರೆ ನಮ್ಮ ಕಡೆ ಯಕ್ಷಗಾನದ ಹಾಸ್ಯಗಾರರ ವೇಷ ಕಣ್ಣೆದುರು ಬರುತ್ತದೆ. ‘ಚಾಲೂ’ ಎಂದರೆ ಕಿಲಾಡಿ. ‘ಗಮ್ಮತ್ತಿನ ಅಜ್ಜಿ’ಯಂತೂ ಬೇಡವೇ ಬೇಡ, ಈಗ ಗಮ್ಮತ್ತು ಎಂದರೆ ಕೋಳಿ, ಬಾಟ್ಲಿ ಎರಡೂ ನೆನಪಾಗುವ ಕಾಲ.

‘ಬಿನ್ನಾಣ’ದ ಕಥೆ ತಿರುಗಾಮುರುಗಾ. ಅದು ‘ವಿಜ್ಞಾನ’ದ ತದ್ಭವ. ಹಳಗನ್ನಡದಲ್ಲಿ ಜಾಣ್ಮೆ, ಕೈಚಾತುರ್ಯ ಎಂದೇ ಅರ್ಥ, ಬರೆದವರ ಉದ್ದೇಶಕ್ಕೆ ಒಪ್ಪುತ್ತದೆ. ಇವತ್ತಿನ ಓದುಗರಿಗೆ ಮಾತ್ರ ಬಿನ್ನಾಣ ಎಂದರೆ ವಯ್ಯಾರ. ಎಂಬತ್ತು ದಾಟಿದ ಅಜ್ಜಿಗೆ ಅದನ್ನು ಅಂಟಿಸಿದರೆ ಸಭೆಯಲ್ಲಿ ಯಾರಾದರೂ ಕಿಸಕ್ ಎನ್ನದೆ ಇರುವುದಿಲ್ಲ. ‘ಸೃಜನಶೀಲ’ ತರಗತಿಯ ಪದ, ‘ಕೈಚಳಕ’ಕ್ಕೆ ಜಾದೂಗಾರನ ವಾಸನೆ. ವಿಚಿತ್ರವೆಂದರೆ, ಕರಡು ತಿದ್ದಿದವರ ‘ಕುಶಲ’ ಇಲ್ಲಿಗೆ ಸರಿಹೋಗುತ್ತದೆ: ಕುಶಲ ಎಂದರೆ ನಿಪುಣ ಎಂದೂ ಅರ್ಥ ಇದೆಯಲ್ಲ.

ಅದಕ್ಕಿಂತಲೂ ಒಳ್ಳೆಯದು ವಿಶೇಷಣ ಬಿಟ್ಟು ಕೆಲಸದ ಹೆಸರು ಹೇಳುವುದು. ‘ಮಧ್ಯಾಹ್ನದೊಳಗೆ ಒಂದು ಅಟ್ಟೆ ಮಲ್ಲಿಗೆ ಕಟ್ಟಿ ಮುಗಿಸುತ್ತಿದ್ದರು’ ಎಂದರೆ ಶಂಕರಪುರ ಮಲ್ಲಿಗೆ ಬಲ್ಲವರಿಗೆ ಸಾಕು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಎಂದರೆ 3,200 ಮೊಗ್ಗು. ಕಟ್ಟುವುದು ಬಾಳೆನಾರಿನಲ್ಲಿ. ನಾರನ್ನು ನೀರಿನಲ್ಲಿ ನೆನೆಸಿ ಸಪೂರ ಸೀಳಬೇಕು; ಒಣ ನಾರು ಗಂಟು ಬಿಗಿಯುವಾಗ ತುಂಡಾಗುತ್ತದೆ, ದಪ್ಪ ನಾರು ತೊಟ್ಟನ್ನೇ ಕತ್ತರಿಸುತ್ತದೆ. ಆದರೆ ಪುಟ ಹೊರಗಿನ ನೆಂಟರಿಗೂ ಹೋಗುವುದಾದರೆ ಲೆಕ್ಕವನ್ನು ವಾಕ್ಯದೊಳಗೇ ಬಿಡಿಸಿ. ಘಟ್ಟದ ಮೇಲೆ ಅಟ್ಟೆ ಎಂದರೆ ಚಪ್ಪಲಿಯದ್ದು, ಚೆಂಡು ಎಂದರೆ ಆಡುವುದು.

ಮೂಡೆಗೂ, ಎಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಗೂ, ಇದೇ ಮಾತು. ‘ಮೂಡೆ ಮಾಡುತ್ತಿದ್ದರು’ ಎಂದರೆ ಅಡುಗೆ ಮಾತ್ರ. ‘ಅಷ್ಟಮಿಗೆ ಮೂಡೆ ಕಟ್ಟುತ್ತಿದ್ದರು’ ಎಂದರೆ ಕೇದಗೆ ಜಾತಿಯ ಮುಂಡೇವಿನ ಎಲೆಯ ಎರಡೂ ಅಂಚಿನ ಮತ್ತು ನಡುದಿಂಡಿನ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸಿದ ಕೈ ಕಾಣುತ್ತದೆ. ಬಾಡಿಸದ ಎಲೆ ಬಗ್ಗಿಸುವಾಗ ಸೀಳುತ್ತದೆ, ಸಡಿಲ ಸುತ್ತಿದರೆ ಹಿಟ್ಟು ಸೋರುತ್ತದೆ.

ಇನ್ನು ಕುಶಾಲಿಗೆ ಉದಾಹರಣೆ. ‘ಅಜ್ಜಿಯ ಹಾಸ್ಯಪ್ರಜ್ಞೆ ಅಪಾರ’ ಎಂದು ಬರೆದರೆ ಯಾರೂ ನಗುವುದಿಲ್ಲ. ಒಂದೇ ಮಾತು ಹಾಕಿ, ಅವರು ಆಡಿದ ಹಾಗೆಯೇ ಹಾಕಿ, ಯಾರಿಗೆ ಯಾವಾಗ ಹೇಳಿದ್ದು ಎಂಬುದೂ ಇರಲಿ. ಬಂದ ಕೂಡಲೇ ಎದ್ದು ಹೊರಟ ನೆಂಟರಿಗೆ ‘ಎಂತ, ಬೆಂಕಿಗೆ ಬಂದದ್ದಾ?’ ಎಂದು ಕೇಳುವ ಅಜ್ಜಿಯಂದಿರು ಇದ್ದರು. ಬೆಂಕಿಪೆಟ್ಟಿಗೆ ಇಲ್ಲದ ಕಾಲದಲ್ಲಿ ನೆರೆಮನೆಯಿಂದ ಕೆಂಡ ತರಲು ಹೋದವರು ಪಟ್ಟಾಂಗಕ್ಕೆ (ಹರಟೆಗೆ) ನಿಂತರೆ ಕೆಂಡ ಬೂದಿಯಾಗುತ್ತಿತ್ತು. ಇದನ್ನೇ ‘ಇಷ್ಟು ಅವಸರವಾಗಿ ಏಕೆ ಹೊರಡುತ್ತೀರಿ ಎಂದು ವಿಚಾರಿಸುತ್ತಿದ್ದರು’ ಎಂದು ಗ್ರಂಥದ ಭಾಷೆಗೆ ಇಳಿಸಿದರೆ ಕುಶಾಲು ಸತ್ತಿತು. ಮಾತು ತುಳುವಿನದ್ದಾದರೆ ತುಳುವಿನಲ್ಲೇ ಕೊಟ್ಟು, ಮುಂದಿನ ವಾಕ್ಯದಲ್ಲಿ ಅರ್ಥ ಬರಲಿ. ಸಭೆಯಲ್ಲಿ ಓದುವುದೂ ಇದ್ದರೆ 250 ಪದ ಸಾಕು, ಮೂರು ನಿಮಿಷದೊಳಗೆ ಮುಗಿಯುತ್ತದೆ.

ಸೇರ್ಪಡೆ, ಇನ್ನೊಬ್ಬರಿಂದ: ಅದೇ ಪುಟದಲ್ಲಿ ‘ಅಜ್ಜಿ ಎದುರುಕತೆ ಹೇಳುತ್ತಿದ್ದರು’ ಎಂದೂ ಬರುವುದಾದರೆ ಪಕ್ಕದಲ್ಲಿ ‘ಒಗಟು’ ಎಂದು ಸೇರಿಸಿ. ತುಳು ತಿಳಿಯದವರು ಅದನ್ನು ಎದುರುತ್ತರ ಎಂದುಕೊಂಡರೆ ಅಜ್ಜಿ ಜಗಳಗಂಟಿ ಆದಾರು. ‘ಪಿಜ್ಜಿ’ಗೂ ಮುತ್ತಜ್ಜಿ ಎಂಬ ಬಿಡಿಸುವಿಕೆ ಬೇಕು.

ಕೊನೆಗೆ ಕ್ರಿಯಾಪದದ ವಿಷಯ. ‘ಕುಶಾಲಿನವರಾಗಿದ್ದರು’ ಎಂದು ಭೂತಕಾಲ ಹಚ್ಚುವುದು ಬೇಡ. ಕನ್ನಡದಲ್ಲಿ ಇಂಥ ವಾಕ್ಯಕ್ಕೆ ಕ್ರಿಯಾಪದವೇ ಬೇಕಾಗಿಲ್ಲ, ಕಾಲವೂ ಇಲ್ಲ. ‘ನಮ್ಮ ಅಜ್ಜಿ ಭಾರೀ ಕುಶಾಲಿನವರು’ ಅಷ್ಟೇ ಇರಲಿ. ಬಿನ್ನಾಣ ತೆಗೆದು ಅಲ್ಲಿ ಮಲ್ಲಿಗೆಯ ಅಟ್ಟೆ ಇಡಿ.