ಡೆಕ್ ಸ್ಪಿಂಡಲ್: ನಟ್ ಬಿಗಿದೊಡನೆ ಹೊಸ ಬೇರಿಂಗ್ ಹಿಡಿದುಕೊಳ್ಳುವುದೇಕೆ?

ಪ್ರಶ್ನೆ (ತೀರ್ಥಹಳ್ಳಿ)

ನಮ್ಮ ಹೋಂಸ್ಟೇಯಲ್ಲಿ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವೊಂದಿದೆ. ಅದರ ಡೆಕ್ಕಿನ (ಬ್ಲೇಡುಗಳ ಮೇಲಿನ ತಗಡಿನ ಹೊದಿಕೆಯ) ಎಡಗಡೆಯ ಸ್ಪಿಂಡಲ್, ಅಂದರೆ ಬ್ಲೇಡ್ ತಿರುಗಿಸುವ ಅಚ್ಚು, ಕರಕರ ಸದ್ದು ಮಾಡತೊಡಗಿದ್ದರಿಂದ, ವರ್ಕ್‌ಶಾಪೊಂದರಲ್ಲಿ ಮೇಲಿನ ಮತ್ತು ಕೆಳಗಿನ 6204 ಅಳತೆಯ ಬೇರಿಂಗ್‌ಗಳೆರಡನ್ನೂ ಹೊಸದಾಗಿ ಹಾಕಿಸಿದೆ. ಪುಲ್ಲಿಯ ನಟ್ಟನ್ನು ಬರಿಗೈಯಲ್ಲಿ ಕೂರಿಸಿದಾಗ ಸ್ಪಿಂಡಲ್ ಸಲೀಸಾಗಿ ತಿರುಗುತ್ತದೆ. ಸ್ಪ್ಯಾನರ್ ಹಾಕಿ ಬಿಗಿದೊಡನೆ ಹಿಡಿದುಕೊಳ್ಳುತ್ತದೆ. ನಟ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟು ಓಡಿಸಬಹುದೆಂದು ವರ್ಕ್‌ಶಾಪಿನವರು ಹೇಳುತ್ತಾರೆ. ಅಷ್ಟು ವೇಗದಲ್ಲಿ ತಿರುಗುವ ಬ್ಲೇಡಿನ ಸ್ಪಿಂಡಲ್‌ನಲ್ಲಿ ಸಡಿಲ ನಟ್ ಇರುವುದು ನನಗೆ ಸರಿಯೆನಿಸುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಸಾಗರ)

ಸಡಿಲ ಬಿಟ್ಟು ಖಂಡಿತ ಓಡಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಎರಡು ಬೇರಿಂಗ್‌ಗಳ ನಡುವೆ, ಶಾಫ್ಟಿನ ಸುತ್ತ, ಕೊಳವೆಯಂಥ ಒಂದು ಸ್ಪೇಸರ್ ಇರುತ್ತದೆ. ನಟ್ ಬಿಗಿದಾಗ ಆ ಬಲವೆಲ್ಲ ಒಂದು ಬೇರಿಂಗ್‌ನ ಒಳ ರಿಂಗಿನಿಂದ ಸ್ಪೇಸರಿಗೆ, ಅಲ್ಲಿಂದ ಇನ್ನೊಂದು ಒಳ ರಿಂಗಿಗೆ ಹೋಗಬೇಕೇ ಹೊರತು ಗುಂಡುಗಳ ಮೇಲೆ ಬೀಳಬಾರದು. ಸ್ಪೇಸರ್ ಗಿಡ್ಡವಾಗಿದ್ದರೆ, ಹೊರ ರಿಂಗುಗಳು ಹೌಸಿಂಗ್‌ನ (ಬೇರಿಂಗ್‌ಗಳು ಕೂರುವ ಹೊರಕವಚದ) ಒಳಗಿನ ಮೆಟ್ಟಿಲಿನಂಥ ಸ್ಟೆಪ್ಪಿಗೆ ತಾಗಿ ನಿಂತಿರುವಾಗ ಒಳ ರಿಂಗುಗಳು ಮಾತ್ರ ಒಂದರತ್ತ ಒಂದು ಎಳೆಯಲ್ಪಟ್ಟು, ಗುಂಡುಗಳು ಅಡ್ಡಕ್ಕೆ ಅದುಮಿಕೊಳ್ಳುತ್ತವೆ. ಮೇಲಿನ ಬೇರಿಂಗ್ ಪೂರ್ತಿ ಇಳಿಯದೆ ಸ್ಪೇಸರಿಗೂ ಅದಕ್ಕೂ ನಡುವೆ ಸಂದು ಉಳಿದಿದ್ದರೂ ಲಕ್ಷಣ ಇದೇ. ನಟ್ ಬಿಗಿಯುವ ಮೊದಲೇ ಗಟ್ಟಿಯಾಗಿದ್ದಿದ್ದರೆ ಮಾತು ಬೇರೆ: ಸ್ಪೇಸರ್ ತುಸು ಉದ್ದವಿರುವಾಗ ಎರಡನೆಯ ಬೇರಿಂಗನ್ನು ಸ್ಟೆಪ್ಪಿನವರೆಗೂ ಬಡಿದಿಳಿಸಿದ್ದಾರೆಂದು ಅರ್ಥ.

ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ಸ್ಪಿಂಡಲ್ ಬಿಚ್ಚಿ, ಎರಡು ಸ್ಟೆಪ್ಪುಗಳ ನಡುವಿನ ಅಂತರವನ್ನೂ ಸ್ಪೇಸರಿನ ಉದ್ದವನ್ನೂ ವರ್ನಿಯರಿನಲ್ಲಿ ಅಳೆಯಿರಿ. ಸ್ಪೇಸರ್ ಅಷ್ಟೇ ಇರಬೇಕು, ಇಲ್ಲವೇ ಕೂದಲೆಳೆಯಷ್ಟು ಹೆಚ್ಚಿರಬೇಕು; ಕಡಿಮೆಯಂತೂ ಇರಬಾರದು.

ಉತ್ತರ (ಶಿವಮೊಗ್ಗ, ಲೇತ್ ಕೆಲಸದವನು)

ಮೇಲಿನವರ ಮಾತು ಸರಿ. ಕೂರಿಸುವ ಕ್ರಮವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ನನ್ನಲ್ಲಿಗೆ ಬರುವ ಸ್ಪಿಂಡಲ್‌ಗಳಲ್ಲಿ ಹೆಚ್ಚಿನವು ಹಾಳಾಗುವುದು ಸುತ್ತಿಗೆಯಿಂದ. ಹೌಸಿಂಗ್‌ಗೆ ಇಳಿಸುವಾಗ ಹೊರ ರಿಂಗನ್ನು ಮಾತ್ರ ಒತ್ತಬೇಕು, ಶಾಫ್ಟಿಗೆ ಏರಿಸುವಾಗ ಒಳ ರಿಂಗನ್ನು ಮಾತ್ರ. 6204ರ ಹೊರವ್ಯಾಸ 47 ಮಿ.ಮೀ.; ಹಳೆಯ ಬೇರಿಂಗ್‌ನ ಹೊರ ರಿಂಗನ್ನು ಗ್ರೈಂಡರಿನಲ್ಲಿ ತುಸು ಸವೆಸಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಅಲ್ಯೂಮಿನಿಯಂ ಹೌಸಿಂಗ್ ಆಗಿದ್ದರೆ ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಚೆನ್ನಾಗಿ ಒರೆಸಿ ಒಣಗಿಸಿ, ಫ್ರೀಜರಿನಲ್ಲಿಟ್ಟಿದ್ದ ಬೇರಿಂಗನ್ನು ನೇರವಾಗಿ ಹಿಡಿದಿಟ್ಟರೆ ಬಹುತೇಕ ಕೈಯೊತ್ತಿಗೇ ಇಳಿಯುತ್ತದೆ. ಗ್ಯಾಸ್ ಬೆಂಕಿ ಬೇಡವೇ ಬೇಡ. ಮೊದಲನೆಯದು ಸ್ಟೆಪ್ಪಿಗೆ ತಾಗಿದ ಮೇಲೆ ಹೌಸಿಂಗ್ ಮಗುಚಿ, ಸ್ಪೇಸರ್ ಇಟ್ಟು, ಎರಡನೆಯದನ್ನು ಒಳ ರಿಂಗು ಸ್ಪೇಸರಿಗೆ ತಾಗುವಲ್ಲಿಗೆ ನಿಲ್ಲಿಸಿ. ಶಾಫ್ಟ್ ತೂರಿಸುವಾಗ ಎದುರುಬದಿಯ ಒಳ ರಿಂಗಿಗೆ ಆಧಾರ ಕೊಡುವುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಿಚ್ಚಿ ನೋಡಿದರೆ ಒಳಗೆ ಮೂಲ ಸ್ಪೇಸರೇ ಇಲ್ಲ. ಅದರ ಬದಲು ನೀರಿನ ಪೈಪಿನ ತುಂಡೊಂದನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ ಹಾಕಿದ್ದಾರೆ. ಒಂದು ತುದಿ ಓರೆಯಾಗಿದೆ, ಸ್ಟೆಪ್ಪುಗಳ ಅಂತರಕ್ಕಿಂತ ಒಂದು ಮಿ.ಮೀ.ನಷ್ಟು ಗಿಡ್ಡವಾಗಿಯೂ ಇದೆ. ಈ ಬೇರಿಂಗ್‌ಗಳನ್ನೇ ಮತ್ತೆ ಬಳಸಬಹುದೇ?

ಉತ್ತರ (ಶಿವಮೊಗ್ಗ, ಲೇತ್ ಕೆಲಸದವನು)

ಬೇಡ. ಅಡ್ಡ ಒತ್ತಡದಲ್ಲಿ ಗುಂಡುಗಳ ಹಾದಿಯಲ್ಲಿ ಗುಳಿ ಬಿದ್ದಿರಬಹುದು. ಒಳ ರಿಂಗಿನ ಮೇಲೆ ಬಡಿದು ಹೊರತೆಗೆದಿದ್ದರಂತೂ ಅವುಗಳನ್ನು ನಂಬುವಂತಿಲ್ಲ. ಸ್ಪೇಸರನ್ನು ಲೇತಿನಲ್ಲಿ ಎರಡೂ ತುದಿ ಸಮನಾಗುವಂತೆ ಮಾಡಿಸಿ. ಅಳತೆಯನ್ನು ಹೌಸಿಂಗ್‌ನಿಂದ ಕೊಡಿ, ಪೈಪಿನ ತುಂಡಿನಿಂದಲ್ಲ.

ಉತ್ತರ (ಕೊಪ್ಪ)

ಹೊಸದನ್ನು ಕೊಳ್ಳುವಾಗ ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ತಗಡಿನ ಮುಚ್ಚಳದ ಜಡ್‌ಜಡ್ ಬೇರಿಂಗ್‌ಗಳು ನೀರನ್ನು ತಡೆಯುವುದಿಲ್ಲ, ನಮ್ಮ ಕಡೆಯ ಮಳೆಯಲ್ಲಿ ಒದ್ದೆ ಹುಲ್ಲು ಸ್ಪಿಂಡಲ್ ಬುಡಕ್ಕೆ ಮೆತ್ತಿಕೊಂಡೇ ಇರುತ್ತದೆ. ಹೌಸಿಂಗ್‌ನಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಪ್ರತಿ ಬೇರಿಂಗ್‌ನ ಒಳಬದಿಯ ಸೀಲನ್ನು ಮಾತ್ರ ಕಿತ್ತು ಕೂರಿಸಬೇಕು. ಇಲ್ಲದಿದ್ದರೆ ನೀವು ಹೊಡೆದ ಗ್ರೀಸ್ ಗುಂಡುಗಳನ್ನು ತಲಪುವುದೇ ಇಲ್ಲ. ಡೆಕ್ ತೊಳೆಯುವಾಗ ಪ್ರೆಷರ್ ಪಂಪನ್ನು ನೇರವಾಗಿ ಸ್ಪಿಂಡಲ್‌ಗೆ ಹಿಡಿಯಬೇಡಿ.