‘ಮಂಚೂರಿಯನ್ ಕ್ಯಾಂಡಿಡೇಟ್’ ರೀಮೇಕ್‌ಗೆ ವಿಮರ್ಶಕರು ಅಷ್ಟು ಸಲೀಸಾಗಿ ಪಾಸ್ ಮಾರ್ಕ್ಸ್ ಕೊಟ್ಟಿದ್ದು ಯಾಕೆ?

ಗಿರಿಶ್ರೇಣಿ (ಚಿಕ್ಕಮಗಳೂರು)

ನಮಸ್ಕಾರ. ಇಲ್ಲಿ ಗೆಳೆಯನ ಮನೆ ಮಹಡಿಯಲ್ಲಿ ನಾವು ಕೆಲವರು ಸೇರಿ ಸಿನಿಮಾ ನೋಡುತ್ತೇವೆ, ಮಳೆಗಾಲದಲ್ಲಿ ಕರೆಂಟ್ ಕೈಕೊಡದಿದ್ದರೆ. ಈ ಸಲ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ ಎರಡೂ ನೋಡಿದೆವು. 1962ರದ್ದು ಜಾನ್ ಫ್ರಾಂಕನ್‌ಹೈಮರ್ ಮಾಡಿದ ಕಪ್ಪು ಬಿಳುಪು ಚಿತ್ರ, 2004ರದ್ದು ಜೊನಾಥನ್ ಡೆಮಿಯ ರೀಮೇಕ್. ಯುದ್ಧದಲ್ಲಿ ಸೆರೆಸಿಕ್ಕ ಸೈನಿಕನೊಬ್ಬನನ್ನು ಬ್ರೈನ್‌ವಾಷ್ ಮಾಡಿ, ಅಮೆರಿಕದ ರಾಜಕೀಯದಲ್ಲಿ ಅವನಿಗೇ ಗೊತ್ತಿಲ್ಲದಂತೆ ಬಳಸಿಕೊಳ್ಳುವ ಕಥೆ. (ಗೋಬಿ ಜೋಕ್ ಎಲ್ಲ ಅಲ್ಲೇ ಮುಗಿದಿದೆ, ಇಲ್ಲಿ ಮತ್ತೆ ಶುರು ಮಾಡಬೇಡಿ.)

ನನಗೆ ಹಳೆಯದು ತುಂಬಾ ಹಿಡಿಸಿತು, ಹೊಸದು ಅಷ್ಟಕ್ಕಷ್ಟೇ. ಆಮೇಲೆ ಆಗಿನ ವಿಮರ್ಶೆ ಹುಡುಕಿ ಓದಿದರೆ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಹೊಗಳಿಕೆಯೇ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರೂವರೆ ಸ್ಟಾರ್ ಕೊಟ್ಟಿದ್ದಾರೆ. ಆದರೆ ಹೊಗಳಿದವರಲ್ಲೇ ಸುಮಾರು ಜನ ‘ಹಳೆಯದಕ್ಕೆ ಸಮ ಇಲ್ಲ’ ಅಂತಲೂ ಸೇರಿಸಿದ್ದಾರೆ. ಸಮ ಇಲ್ಲ ಅಂದಮೇಲೆ ಹೊಗಳಿದ್ದು ಯಾತಕ್ಕೆ? ಗುಟ್ಟು ಗೊತ್ತಿರುವ ಥ್ರಿಲ್ಲರ್‌ನಲ್ಲಿ ಇನ್ನೇನು ಉಳಿದಿರುತ್ತದೆ, ಹೇಳಿ.

ಹಾಸನದ ಹೈದ

ಡೆನ್ಜೆಲ್ ವಾಷಿಂಗ್ಟನ್ ಇದ್ದಾರಲ್ಲ ಗುರು, ಇನ್ನೇನು ಬೇಕು. ನಾನು ನೋಡಿದ್ದು ರೀಮೇಕ್ ಒಂದೇ, ಮಸ್ತ್ ಇತ್ತು. ನಿಮಗೆ ಹಳೆಯದು ಇಷ್ಟವಾಗಿದ್ದು ಅದನ್ನು ಮೊದಲು ನೋಡಿದ್ದಕ್ಕೆ, ಅಷ್ಟೇ.

ಬಿ.ಎಂ. ರಸ್ತೆ ಪ್ರೇಕ್ಷಕ (ಹಾಸನ)

ಗಿರಿಶ್ರೇಣಿಯವರೇ, ಆ ವಿಮರ್ಶೆಗಳ ತಾರೀಖು ನೋಡಿದಿರಾ? ರೀಮೇಕ್ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 2004ರ ಜುಲೈ 30ಕ್ಕೆ. ಹಿಂದಿನ ದಿನ ತಾನೇ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಮುಗಿದು, ಜಾನ್ ಕೆರಿ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ ಅಂತ ಭಾಷಣ ಮಾಡಿದ್ದರು. ಇರಾಕ್ ಯುದ್ಧ ನಡೆಯುತ್ತಿತ್ತು. ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಹಿಂದೆ ಹ್ಯಾಲಿಬರ್ಟನ್ ಕಂಪನಿಯ ಮುಖ್ಯಸ್ಥರಾಗಿದ್ದವರು, ಅದೇ ಕಂಪನಿಗೆ ಇರಾಕ್‌ನಲ್ಲಿ ದೊಡ್ಡ ಗುತ್ತಿಗೆಗಳು ಸಿಕ್ಕಿದ್ದರ ಬಗ್ಗೆ ಅಲ್ಲಿ ಜೋರು ಚರ್ಚೆ ನಡೆದಿತ್ತು. ಅಂಥ ಹೊತ್ತಿನಲ್ಲಿ, ‘ಮಂಚೂರಿಯನ್ ಗ್ಲೋಬಲ್’ ಅನ್ನೋ ಕಂಪನಿ ಉಪಾಧ್ಯಕ್ಷ ಹುದ್ದೆಗೆ ನಿಂತವನ ತಲೆಯನ್ನೇ ತನ್ನ ವಶ ಮಾಡಿಕೊಂಡಿದೆ ಅಂತ ಒಂದು ಸಿನಿಮಾ ಬಂದರೆ, ಬೆಳಗ್ಗೆ ಪೇಪರ್ ಓದಿ ಮಧ್ಯಾಹ್ನ ಥಿಯೇಟರಿಗೆ ಹೋದ ವಿಮರ್ಶಕ ಏನು ಬರೆಯುತ್ತಾನೆ? ಅವರು ಹೊಗಳಿದ್ದು ಮುಖ್ಯವಾಗಿ ಆ ಬದಲಾವಣೆಯನ್ನ.

ಹಳೆಯದರಲ್ಲಿ ಕೊರಿಯಾ ಯುದ್ಧದ ಸೈನಿಕರನ್ನು ಹಿಡಿದು ಬ್ರೈನ್‌ವಾಷ್ ಮಾಡುವವರು ಕಮ್ಯುನಿಸ್ಟರು. 2004ಕ್ಕೆ ಸೋವಿಯತ್ ಒಕ್ಕೂಟವೇ ಇಲ್ಲ, ಯಾರಿಗೆ ಹೆದರಬೇಕು? ಡೆಮಿ ಕಥೆಯನ್ನು 1991ರ ಕೊಲ್ಲಿ ಯುದ್ಧಕ್ಕೆ ತಂದರು. ಮಂಚೂರಿಯಾ ಅನ್ನೋ ಜಾಗ ಕಥೆಯಿಂದ ಹೋಯಿತು, ಕಂಪನಿ ಬೋರ್ಡಿನ ಮೇಲೆ ಹೆಸರು ಉಳಿಯಿತು. ರಾಜಕೀಯ ಥ್ರಿಲ್ಲರ್ ರೀಮೇಕ್ ಮಾಡುವವನಿಗೆ ಮೊದಲ ಕೆಲಸವೇ ಇದು. ಈಗ ಜನ ಯಾರಿಗೆ ಹೆದರುತ್ತಾರೆ ಅಂತ ಕಂಡುಕೊಳ್ಳಬೇಕು. ಅದು ಸಿಕ್ಕಿದರೆ ಗುಟ್ಟು ಮೊದಲೇ ಗೊತ್ತಿದ್ದರೂ ಪರವಾಗಿಲ್ಲ.

ಇನ್ನು ‘ಸಮ ಇಲ್ಲ’ ಅಂದಿದ್ದರಲ್ಲಿ ಸುಳ್ಳೇನಿಲ್ಲ. ಹೊಸದರಲ್ಲಿ ನಗು ಪೂರ್ತಿ ಮಾಯ. ಹಳೆಯದರ ಆ ಕನಸಿನ ಸೀನ್ ಜ್ಞಾಪಿಸಿಕೊಳ್ಳಿ. ಹೂಗಿಡದ ಬಗ್ಗೆ ಹೆಂಗಸರ ಸಭೆ, ಸೈನಿಕರು ಆಕಳಿಸುತ್ತಾ ಕೂತಿದ್ದಾರೆ, ಕ್ಯಾಮೆರಾ ಒಂದು ಸುತ್ತು ಬರುವಷ್ಟರಲ್ಲಿ ಎದುರು ಕೂತವರು ಕಮ್ಯುನಿಸ್ಟ್ ಅಧಿಕಾರಿಗಳು! ಸೆನೆಟರ್ ಐಸಲಿನ್ ಅಂತೂ, ಸರ್ಕಾರದ ತುಂಬ ಕಮ್ಯುನಿಸ್ಟರಿದ್ದಾರೆ ಅಂತ 1950ರ ದಶಕದಲ್ಲಿ ಕೂಗಾಡಿದ ಅಮೆರಿಕದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಅಣಕವೇ. ಸರ್ಕಾರದಲ್ಲಿ ಎಷ್ಟು ಕಮ್ಯುನಿಸ್ಟರಿದ್ದಾರೆ ಅನ್ನೋ ಲೆಕ್ಕ ನೆನಪಿಡಲಾಗದೆ, ಕೆಚಪ್ ಬಾಟಲಿ ಮೇಲಿನ 57 ನೋಡಿ ಅದನ್ನೇ ಹೇಳಿಬಿಡುತ್ತಾನೆ. ಡೆಮಿ ಇದನ್ನೆಲ್ಲ ಬಿಟ್ಟು ಕತ್ತಲೆ, ಸೈನಿಕರ ಮೈಯೊಳಗೆ ಕೂರಿಸುವ ಎಲೆಕ್ಟ್ರಾನಿಕ್ ಚಿಪ್, ಡ್ರಿಲ್ಲು ಅಂತ ಹೋದರು. ಹಳೆಯದರಲ್ಲಿ ಇಸ್ಪೀಟಿನ ರಾಣಿ ನೋಡಿದ ಕೂಡಲೇ ಮನುಷ್ಯ ಬೊಂಬೆ ಆಗಿಬಿಡುವುದರಲ್ಲಿ ಒಂದು ವಿಚಿತ್ರ ಭಯ ಇತ್ತು. ಮೈಯೊಳಗೆ ಚಿಪ್ ಇದೆ ಅಂದುಬಿಟ್ಟರೆ ಎಲ್ಲದಕ್ಕೂ ಕಾರಣ ಸಿಕ್ಕಿಹೋಗುತ್ತದೆ, ಭಯ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ. ಹಳೆಯ ಚಿತ್ರ ಬಹಳ ವರ್ಷ ನೋಡಲು ಸಿಗುತ್ತಲೇ ಇರಲಿಲ್ಲ, ಮತ್ತೆ ಥಿಯೇಟರಿಗೆ ಬಂದಿದ್ದು 1988ರಲ್ಲಿ. ಸಿಗದ ಸಿನಿಮಾಕ್ಕೆ ಕೀರ್ತಿ ಜಾಸ್ತಿ. ಅದರ ಎದುರು ಯಾವ ರೀಮೇಕ್ ಬಂದರೂ ಒಂದು ಕೈ ಕಡಿಮೆಯೇ.

ಕಾಫಿಹೂವು (ಮೂಡಿಗೆರೆ)

ಎಲ್ಲ ಹೇಳಿದಿರಿ, ಆ ಬ್ರೈನ್‌ವಾಷ್ ಆದ ಸೈನಿಕನ ತಾಯಿ ಪಾತ್ರ ಮಾತ್ರ ಬಿಟ್ಟಿರಿ! ಎರಡೂ ಸಿನಿಮಾ ನಿಂತಿರುವುದೇ ಅವಳ ಮೇಲೆ ಅಲ್ವಾ?

1962ರಲ್ಲಿ ಆಂಜೆಲಾ ಲ್ಯಾನ್ಸ್‌ಬರಿ ಆ ತಾಯಿ. ಮಗನಾಗಿ ನಟಿಸಿದ ಲಾರೆನ್ಸ್ ಹಾರ್ವಿಗಿಂತ ಆಕೆ ಮೂರೇ ವರ್ಷ ದೊಡ್ಡವರು, ನೋಡುವಾಗ ಅದು ತಲೆಗೇ ಬರುವುದಿಲ್ಲ. ಆ ಪಾತ್ರಕ್ಕೆ ಆಸ್ಕರ್ ನಾಮಿನೇಷನ್ ಬಂತು. ಆದರೆ ಅವಳ ಅಧಿಕಾರವೆಲ್ಲ ದಡ್ಡ ಗಂಡ ಐಸಲಿನ್‌ನ ಹಿಂದೆ ನಿಂತು ನಡೆಸುವುದು. ನಮ್ಮ ಕಡೆ ಮಹಿಳಾ ಮೀಸಲಿನಲ್ಲಿ ಹೆಂಡತಿ ಗೆದ್ದು, ಪಂಚಾಯ್ತಿ ಕುರ್ಚಿಯಲ್ಲಿ ಗಂಡ ಕೂರುತ್ತಾನಲ್ಲ, ಅದರ ಉಲ್ಟಾ. ರೀಮೇಕ್‌ನಲ್ಲಿ ಮೆರಿಲ್ ಸ್ಟ್ರೀಪ್ ತಾನೇ ಸೆನೆಟರ್. ಪಕ್ಷದ ಗಂಡಸರು ತುಂಬಿದ ರೂಮಿಗೆ ಹೋಗಿ, ಅವರನ್ನು ಬೈದು, ಕೆಣಕಿ, ಮಗನಿಗೆ ಟಿಕೆಟ್ ಗಿಟ್ಟಿಸುವ ಸೀನ್ ಒಂದಕ್ಕೇ ನಾನು ಆ ಸಿನಿಮಾ ಮತ್ತೆ ನೋಡುತ್ತೇನೆ.

ವಿಮರ್ಶಕರು ಇಲ್ಲಿ ಸೋಮಾರಿತನ ಮಾಡಿದರು ಅಂತ ನನ್ನ ಸಿಟ್ಟು. ಇವಳು ಹಿಲರಿ ಕ್ಲಿಂಟನ್ ಥರ ಇದ್ದಾಳಾ ಇಲ್ಲವಾ ಅನ್ನೋದರಲ್ಲೇ ಎಷ್ಟೋ ಜನ ಕಾಲ ಕಳೆದರು. ನಾಲ್ಕು ದಶಕದಲ್ಲಿ ಆ ತಾಯಿ ಪರದೆ ಹಿಂದಿನಿಂದ ಮುಂದಕ್ಕೆ ಬಂದಿದ್ದಾಳೆ, ವೈರಿ ಬದಲಾಗಿದ್ದಕ್ಕಿಂತ ಇದು ದೊಡ್ಡ ಬದಲಾವಣೆ. ಸ್ಟ್ರೀಪ್‌ಗೆ ಗೋಲ್ಡನ್ ಗ್ಲೋಬ್, ಬಾಫ್ಟಾ ನಾಮಿನೇಷನ್ ಬಂತು, ಆಸ್ಕರ್‌ನವರು ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ.

ಹಾಸನದ ಹೈದ

ಅಕ್ಕ, ಪಂಚಾಯ್ತಿ ಮಾತು ಸೂಪರ್ 😄

ವಿಮರ್ಶಕರನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ ಅಂತ ನನ್ನ ವಾದ. ತಮಿಳಿನ ‘ಮುದಲ್ವನ್’ 1999ರಲ್ಲಿ ಬಂತು, ನಮ್ಮ ಮಧುಗಿರಿಯ ಅರ್ಜುನ್ ಸರ್ಜಾ ಹೀರೋ, ಹಿಟ್. ಅದನ್ನೇ ಶಂಕರ್ 2001ರಲ್ಲಿ ಹಿಂದಿಗೆ ‘ನಾಯಕ್’ ಅಂತ ಮಾಡಿದರು. ಅದೇ ಡೈರೆಕ್ಟರ್, ಅದೇ ರೆಹಮಾನ್, ಅದೇ ಒಂದು ದಿನದ ಮುಖ್ಯಮಂತ್ರಿ. ಥಿಯೇಟರ್‌ನಲ್ಲಿ ಮಲಗಿತು. ಆಮೇಲೆ ಟಿವಿಯಲ್ಲಿ ಹಾಕಿ ಹಾಕಿ, ಈಗ ಚುನಾವಣೆ ಬಂತು ಅಂದರೆ ಅನಿಲ್ ಕಪೂರ್ ಮೀಮ್. ಆಗ ಬರೆದ ವಿಮರ್ಶೆ ಈಗ ಯಾರ ನೆನಪಿನಲ್ಲಿದೆ?

ಹಳೇ ರೀಲು (ಅರಸೀಕೆರೆ)

ಬಿ.ಎಂ. ರಸ್ತೆಯವರ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. ‘ಆಲ್ ದಿ ಕಿಂಗ್ಸ್ ಮೆನ್’. ಇದು ಥ್ರಿಲ್ಲರ್ ಅಲ್ಲ, ಆದರೂ ವಿಷಯಕ್ಕೆ ಹೊಂದುತ್ತದೆ. ಲೂಸಿಯಾನಾ ರಾಜ್ಯದ ಹ್ಯೂಯಿ ಲಾಂಗ್ ಅನ್ನೋ ರಾಜಕಾರಣಿಯನ್ನು ನೆನಪಿಸುವ ಕಥೆ. 1949ರ ಚಿತ್ರಕ್ಕೆ ಶ್ರೇಷ್ಠ ಚಿತ್ರ ಆಸ್ಕರ್ ಬಂತು. 2006ರ ರೀಮೇಕ್‌ನಲ್ಲಿ ಶಾನ್ ಪೆನ್, ಜೂಡ್ ಲಾ, ಕೇಟ್ ವಿನ್ಸ್‌ಲೆಟ್, ಆಂಥನಿ ಹಾಪ್ಕಿನ್ಸ್, ಯಾರಿಲ್ಲ ಹೇಳಿ! ವಿಮರ್ಶಕರು ಹರಿದು ಹಾಕಿದರು, ದುಡ್ಡೂ ಬರಲಿಲ್ಲ. ಈ ಕಥೆ ಈಗ ಯಾಕೆ ಹೇಳುತ್ತಿದ್ದಾರೆ ಅನ್ನೋದು ಆ ಸಿನಿಮಾದಲ್ಲಿ ಎಲ್ಲೂ ಕಾಣುವುದಿಲ್ಲ. ಮೊದಲಿನಿಂದ ಹಿಡಿದು ಕೊನೆಯವರೆಗೆ ಭಾಷಣ, ಬೆವರು, ಭಾರೀ ಸಂಗೀತ. ಡೆಮಿ ಚಿತ್ರದಲ್ಲಿ ಚಿಪ್ ಇದ್ದರೂ ಕಾರಣ ಇತ್ತು.

ನಮ್ಮದೇ ಇನ್ನೊಂದಿದೆ. ‘ಅಂತ’. ರಾಜೇಂದ್ರ ಸಿಂಗ್ ಬಾಬು 1981ರಲ್ಲಿ ಕನ್ನಡದಲ್ಲಿ ಮಾಡಿದರು, ಅದೇ ವರ್ಷ ಹಿಂದಿಯಲ್ಲಿ ‘ಮೇರಿ ಆವಾಜ್ ಸುನೋ’ ಅಂತ ತಾವೇ ಮಾಡಿದರು. ಇಲ್ಲಿ ಅಂಬರೀಷ್, ಅಲ್ಲಿ ಜಿತೇಂದ್ರ. ಹಿಂದಿಯಲ್ಲಿ ಸಂಭಾಷಣೆಗೆ ಕಾದರ್ ಖಾನ್‌ಗೆ ಫಿಲಂಫೇರ್ ಪ್ರಶಸ್ತಿ ಬಂತು. ಆದರೂ ಹಿಂದಿಯವರಿಗೆ ಅದು ಜಿತೇಂದ್ರ ಮಾಡಿದ ಹತ್ತಾರು ಸಿನಿಮಾದಲ್ಲಿ ಒಂದು. ನಮಗೆ ಅಂಬರೀಷ್ ಮಾಡಿದ ಕನ್ವರ್‌ಲಾಲ್ ಇವತ್ತಿಗೂ ಕನ್ವರ್‌ಲಾಲೇ. ಒಂದೇ ವರ್ಷ, ಒಬ್ಬರೇ ನಿರ್ದೇಶಕರು, ವೈರಿಯೂ ಒಂದೇ, ಭ್ರಷ್ಟ ದೊಡ್ಡಮನುಷ್ಯರು. ಹಾಗಾಗಿ ಎಲ್ಲವೂ ವೈರಿಯ ಮೇಲೆ ನಿಂತಿಲ್ಲ ಸ್ವಾಮಿ, ಮುಖವೂ ಬೇಕು.

ಗಿರಿಶ್ರೇಣಿ (ಚಿಕ್ಕಮಗಳೂರು)

ಬಿ.ಎಂ. ರಸ್ತೆಯವರೇ, ತಾರೀಖಿನ ಮಾತು ಸರಿಯಾಗಿ ತಾಗಿತು. ಆದರೆ ಅದೇ ತಾರೀಖು ದಾಟಿದ ಮೇಲೆ ನೋಡಿದ ನನ್ನಂಥವನಿಗೆ ಆ ಬಿಸಿ ಇಲ್ಲ, ಚಿಪ್ ಮಾತ್ರ ಕಾಣುತ್ತದೆ. 1962ರದ್ದು ಇನ್ನೂ ನಿಂತಿದೆ, ಮೆಕಾರ್ಥಿ ಯಾರು ಅಂತ ಗೊತ್ತಿಲ್ಲದ ನಮ್ಮ ಹುಡುಗರೂ ಕೆಚಪ್ ಸೀನ್‌ಗೆ ನಕ್ಕರು. ಕಾಫಿಹೂವು ಮೇಡಂ, ಸ್ಟ್ರೀಪ್ ವಿಷಯದಲ್ಲಿ ನಿಮ್ಮ ಪಕ್ಷ.

ಮುಂದಿನ ಸಲ ‘ಅಂತ’ ಹಾಕೋಣ ಅಂತಿದ್ದೇವೆ. ಮಾತು ಬಂದಿದ್ದಕ್ಕೆ ಕೇಳುತ್ತೇನೆ, 1978ರ ನಮ್ಮ ಉಪಚುನಾವಣೆ ಮೇಲೆ ಯಾಕೆ ಯಾರೂ ಒಂದು ಥ್ರಿಲ್ಲರ್ ಮಾಡಬಾರದು? ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದು, ಇಂದಿರಾ ಗಾಂಧಿ ಎದುರು ವೀರೇಂದ್ರ ಪಾಟೀಲರು, ಗೆದ್ದ ಮರುತಿಂಗಳೇ ಇಂದಿರಾರನ್ನು ಲೋಕಸಭೆಯಿಂದ ಹೊರಹಾಕಿದ್ದು. ಚಿಪ್ಪೂ ಬೇಡ, ಇಸ್ಪೀಟೂ ಬೇಡ.

ಕಾಫಿಹೂವು (ಮೂಡಿಗೆರೆ)

ಮಾಡಲಿ, ಆದರೆ ವಿಲನ್ ಯಾರು ಅಂತ ಮೊದಲು ತೀರ್ಮಾನ ಮಾಡಿ. ನಮ್ಮ ಮನೆಯಲ್ಲೇ ಅಜ್ಜ ಒಂದು ಕಡೆ, ಅಜ್ಜಿ ಇನ್ನೊಂದು ಕಡೆ ವೋಟ್ ಹಾಕಿದ್ದರಂತೆ. ಯಾರನ್ನು ವಿಲನ್ ಮಾಡಿದರೂ ಅರ್ಧ ಜಿಲ್ಲೆ ಒಂದೇ ಸ್ಟಾರ್ ಕೊಡುತ್ತದೆ.